ನ್ಯೋನ್ಯಾ ಊಟಕ್ಕೆ ನಮ್ಮ ತಾಲೀಮು

ಹಾಲಾಹಲವನ್ನು ಕಷಾಯದ ಹಾಗೆ ಕುಡಿದು ಸುಮ್ಮನೆ ಕೂತ ನಂಜನಗೂಡಿನ ನಂಜುಂಡೇಶ್ವರನಿಗೆ ಮೊದಲ ನಮಸ್ಕಾರ. ಕುಡಿದವನ ಪಕ್ಕದಲ್ಲಿ ನಿಂತು, ಎದೆಗುಂದದೆ, ಮಾಡಬೇಕಾದ್ದನ್ನು ಮಾಡಿದ ತಾಯಿ ಪಾರ್ವತಿಗೆ ಎರಡನೆಯದು. ನಾಲಿಗೆಯಲ್ಲಿ ರುಚಿಯನ್ನೂ ಮಾತನ್ನೂ ಒಟ್ಟಿಗೆ ಇಟ್ಟವನು ನೀನೇ, ಸ್ವಾಮಿ. ಆದ್ದರಿಂದ ಮುಂದೆ ಹೇಳುವ ಎಡವಟ್ಟುಗಳಲ್ಲಿ ಅರ್ಧ ಪಾಲು ನಿನ್ನದು ಅಂತ ವಿನಯದಿಂದ ಒಪ್ಪಿಸಿ ಶುರು ಮಾಡುತ್ತೇನೆ.

ನಮಗೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರು ಹೋಟೆಲಿಗೆ ಹೋದರೆ ತಿಂದು, ಟಿಪ್ ಕೊಟ್ಟು ಬರುತ್ತಾರೆ. ನಾವು ಹೋದರೆ ಒಂದು ಕಥೆಯನ್ನೂ ಪಾರ್ಸೆಲ್ ಮಾಡಿಸಿಕೊಂಡು ಬರುತ್ತೇವೆ.

ಈ ಸಲದ ಕಥೆಗಳಿಗೆಲ್ಲ ಕಾರಣ ನಮ್ಮ ಮಗಳು. ಅವಳಿಗೆ ಇಲ್ಲೇ ಅಮೆರಿಕದ ಸ್ಯಾನ್ ಹೊಸೆಯಲ್ಲಿ ಕೆಲಸ, ಸಾಂಟಾ ಕ್ಲಾರಾದ ನಮ್ಮ ಮನೆಗೆ ಶನಿವಾರ ಬರುತ್ತಾಳೆ. ಒಂದು ಶನಿವಾರ ಕಾಫಿ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, "ಅಮ್ಮಾ, ಐ ಹ್ಯಾವ್ ಟು ಟೆಲ್ ಯು ಸಮ್‌ಥಿಂಗ್" ಅಂದಳು. ಹುಡುಗನ ವಿಷಯ ಅಂತ ನನಗೆ ಆಗಲೇ ಗೊತ್ತಾಯಿತು. ಕಾಫಿ ಆರಿ ಹೋಗುವಂಥ ವಿಷಯ ಬೇರೆ ಯಾವುದಿದೆ?

"ಹುಡುಗ ಪೆರನಾಕನ್" ಅಂದಳು.

"ಅದ್ಯಾವ ಗೋತ್ರ?" ಅಂದರು ನಮ್ಮೆಜಮಾನರು.

ಅವಳು ಬಿಡಿಸಿ ಹೇಳಿದಳು. ಬಹಳ ಹಿಂದೆ ಚೀನಾದ ವ್ಯಾಪಾರಿಗಳು ಹಡಗಿನಲ್ಲಿ ಮಲಾಕ್ಕಾ, ಪೆನಾಂಗ್, ಸಿಂಗಾಪುರದ ಕಡೆ ಬಂದರಂತೆ. ವಾಪಸು ಹೋಗುವ ಮನಸ್ಸಾಗದೆ ಅಲ್ಲಿಯ ಹೆಣ್ಣುಮಕ್ಕಳನ್ನೇ ಮದುವೆಯಾಗಿ ಉಳಿದರಂತೆ. ಅವರ ಸಂತಾನವೇ ಪೆರನಾಕನ್ ಜನ. ಮನೆಮಾತು ಮಲಯ್ ಕಡೆಯದು, ದೇವರ ಮನೆ ಚೀನಾ ಕಡೆಯದು, ಅಡುಗೆಮನೆ ಮಾತ್ರ ಎರಡೂ ಕಡೆಯದು. ಹುಡುಗನ ತಾಯಿ ಸಿಂಗಾಪುರದವರು, ಈಗ ವಾಲ್ನಟ್ ಕ್ರೀಕಿನಲ್ಲಿ ಮಗನ ಜೊತೆ ಇದ್ದಾರೆ. ಅವರದ್ದು ಒಂದೇ ಷರತ್ತು: "ಹುಡುಗಿ ಒಳ್ಳೆಯವಳು. ಆದರೆ ಅವಳ ಅಪ್ಪ ಅಮ್ಮ ಬಂದು ನನ್ನ ಕೈಯಡುಗೆ ಉಣ್ಣಬೇಕು. ನಮ್ಮ ಊಟ ಬೇಡ ಅನ್ನುವವರ ಜೊತೆ ನೆಂಟಸ್ತನ ಹೇಗೆ ಮಾಡುವುದು?"

ನಾನು ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಎಷ್ಟೋ ಕಾಲವಾಯಿತು, ಇನ್ನು ಮೀನು ಮಾಂಸದ ಮಾತೆಲ್ಲಿ? ಆದರೂ ಆ ತಾಯಿಯ ಷರತ್ತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮತ್ತೆ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು, ಇನ್ನೂ ಸ್ವಲ್ಪ ಜೋರಾಗಿ.

"ಅಮ್ಮಾ, ಜಸ್ಟ್ ಟ್ರೈ" ಅಂದಳು ಮಗಳು. ಕಣ್ಣು ತುಂಬಿತ್ತು. ಊಟದ ದಿನಕ್ಕೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಈ ಊರಲ್ಲಿ ಪೆರನಾಕನ್ ಊಟ ಎಲ್ಲೆಲ್ಲಿ ಸಿಗುತ್ತದೆ, ಅದರಲ್ಲಿ ನಮ್ಮಂಥವರ ಗಂಟಲಿಗಿಳಿಯುವಂಥದ್ದು ಏನಿದೆ, ನೋಡಿಯೇ ಬಿಡೋಣ ಅಂತ ನಂಜುಂಡನ ಮೇಲೆ ಭಾರ ಹಾಕಿ ಹೊರಟೆವು.

ಬಾಬಾ ಅವರ ಸನ್ನಿಧಿ

ಮಗಳು ಫೋನಿನಲ್ಲಿ, "ಸಿಟಿಯಲ್ಲಿ ಒಂದು ಜಾಗ ಇದೆ ಅಮ್ಮಾ, ರಿಯಲ್ ಬಾಬಾ ಫುಡ್. ಗುರುವಾರ ಹೋಗೋಣ" ಅಂದಳು. ಬಾಬಾ ಅನ್ನುವ ಶಬ್ದ, ಮೇಲೆ ಗುರುವಾರ. ನಾನು ಇನ್ನೇನು ಅಂದುಕೊಳ್ಳಬೇಕು? ಯಾರೋ ಮಹಾತ್ಮರ ಹೆಸರಿನಲ್ಲಿ ಪ್ರಸಾದ ಹಾಕುವ ಜಾಗ, ಮಗಳು ಜಾಣತನದಿಂದ ಅಂಥ ಕಡೆಯಿಂದಲೇ ಶುರು ಮಾಡಿಸುತ್ತಿದ್ದಾಳೆ ಅಂತ ಹಿಗ್ಗಿದೆ. ತಲೆಗೆ ನೀರು ಹಾಕಿಕೊಂಡು, ಮಧ್ಯಾಹ್ನ ಬರೀ ಹಾಲು ಕುಡಿದು, ಒಂದು ತೆಂಗಿನಕಾಯಿ, ಒಂದು ಮೊಳ ಹೂವು ಹಿಡಿದು ಫ್ರೀವೇ ಹತ್ತಿದೆ.

ಜಾಗ ಚಿಕ್ಕದು, ಚೊಕ್ಕಟ. ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಒಳಗೆ ಗೋಡೆಯ ಮೇಲೆ ದೊಡ್ಡ ಕಪ್ಪು ಬಿಳುಪು ಫೋಟೋ: ಶಾಂತ ಮುಖದ ಒಬ್ಬ ಮುದುಕರು, ಮುಂದೆ ಊದುಬತ್ತಿ. ಬಾಬಾ! ಹೂವು ಏರಿಸಿ, ಕಾಯಿಯನ್ನು ಕೆಳಗಿಟ್ಟು, ಕಣ್ಮುಚ್ಚಿ ಕೈಮುಗಿದೆ. ಕಣ್ಣು ಬಿಟ್ಟರೆ ಮಾಲೀಕ ಪಕ್ಕದಲ್ಲಿ ನಿಂತಿದ್ದಾನೆ.

"ನನ್ನ ತಾತನನ್ನು ನೀವು ಹೇಗೆ ಬಲ್ಲಿರಿ?" ಅಂದ.

ಆಮೇಲೆ ಮಗಳು ಕಿವಿಯಲ್ಲಿ ಹೇಳಿದಳು, ಪೆರನಾಕನ್ ಗಂಡಸರಿಗೆ ಬಾಬಾ ಅನ್ನುತ್ತಾರೆ, ಹೆಂಗಸರಿಗೆ ನ್ಯೋನ್ಯಾ ಅನ್ನುತ್ತಾರೆ ಅಂತ. ಮುಂಚೆ ಹೇಳಬಾರದಿತ್ತೇ? ಆದರೆ ಅಂಗಡಿ ಬಾಗಿಲು ತೆರೆಯುವ ಮೊದಲು ತಾತನಿಗೆ ಊದುಬತ್ತಿ ಹಚ್ಚುವ ಮೊಮ್ಮಗ ಅವನು. ಅಂಥವನ ತಾತನಿಗೆ ಕೈಮುಗಿದದ್ದಕ್ಕೆ ನನಗೆ ಇವತ್ತಿಗೂ ಸಂಕೋಚವಿಲ್ಲ. ಅವನೂ ಭಕ್ತಿಯಿಂದಲೇ ನನ್ನ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ.

ಒಡೆದು ಹೋಳು ತರುತ್ತಾನೆ ಅಂತ ಸೆರಗು ಒಡ್ಡುವಷ್ಟು ಸಿದ್ಧಳಾಗಿ ಕೂತೆ. ಸ್ವಲ್ಪ ಹೊತ್ತಿಗೆ ಅವನೇ ಒಂದು ದೊಡ್ಡ ಬಟ್ಟಲು ಹಿಡಿದು ಬಂದ. ಮಜ್ಜಿಗೆ ಹುಲ್ಲಿನ ಪರಿಮಳ ಅಂದರೆ ಪರಿಮಳ, ಹಸಿದ ಹೊಟ್ಟೆಗೆ ಕಣ್ಣಲ್ಲಿ ನೀರು ಬಂತು. ಲಕ್ಸಾ ಅಂತೆ, ಶ್ಯಾವಿಗೆ ಹಾಕಿದ ಸಾರು.

"ನಿಮ್ಮ ಕಾಯಿಯ ಹಾಲೇ ಹಿಂಡಿ ಹಾಕಿದ್ದೇನೆ" ಅಂದ, ಹೆಮ್ಮೆಯಿಂದ.

ದೇವರಿಗೆ ಒಪ್ಪಿಸಿದ ಕಾಯಿ ಪ್ರಸಾದವಾಗಿ ತಿರುಗಿ ಬರುತ್ತದೆ ಅನ್ನುವುದು ಸತ್ಯ. ನನ್ನದು ಎರಡು ಸಿಗಡಿಗಳ ಸಮೇತ ತಿರುಗಿ ಬಂದಿತ್ತು.

ಬೆಲ್ಲದ ಅಚ್ಚು

ಹೋಟೆಲಿನಲ್ಲಿ ಆಗದಿದ್ದರೆ ಮನೆಯಲ್ಲೇ ಅಭ್ಯಾಸ ಮಾಡೋಣ ಅಂತ ನಮ್ಮೆಜಮಾನರು ಸ್ಯಾನ್ ಹೊಸೆಯ ಒಂದು ಏಷ್ಯನ್ ಗ್ರೋಸರಿಗೆ ಒಬ್ಬರೇ ಹೋದರು. ಅದೇ ತಪ್ಪಾದದ್ದು. ಬರುವಾಗ ಬಲು ಖುಷಿ.

"ನೋಡೇ, ಅವರ ಅಡುಗೆಗೆಲ್ಲ ಇದೇ ಮೂಲ ಅಂತೆ. ಇದಿಲ್ಲದೆ ಒಲೆನೇ ಹಚ್ಚಲ್ಲವಂತೆ, ಅಂಗಡಿ ಹುಡುಗಿ ಹೇಳಿದಳು. ನಮ್ಮ ಹಾಗೇ ಕಣೇ ಅವರು!"

ಚೀಲದಿಂದ ತೆಗೆದದ್ದು ಕಂದು ಬಣ್ಣದ ಒಂದು ಅಚ್ಚು. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿತ್ತು. ನೋಡಲು ಥೇಟ್ ಮಂಡ್ಯದ ಬೆಲ್ಲ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ.

"ಏನ್ರೀ ಇದು, ಬೆಲಕ್ಯಾನ್?"

"ಬೆಲ ಅಂದ್ರೆ ಬೆಲ್ಲ. ಕ್ಯಾನ್ ಅಂದ್ರೆ ಡಬ್ಬ. ಮೊದಲು ಡಬ್ಬದಲ್ಲಿ ಬರ್ತಿತ್ತು ಅಂತ ಕಾಣುತ್ತೆ, ಈಗ ಪ್ಯಾಕಿಂಗ್ ಬದಲಾಯಿಸಿದ್ದಾರೆ."

ಇಂಜಿನಿಯರಾದ ಇವರೇ ಹೇಳಿದ ಮೇಲೆ ನಾನು ನಂಬಿದೆ. ಅವತ್ತು ಶುಕ್ರವಾರ, ಸಂಜೆ ಮನೆಯಲ್ಲಿ ಲಲಿತಾ ಸಹಸ್ರನಾಮ, ನೈವೇದ್ಯಕ್ಕೆ ಪಾಯಸ ಆಗಬೇಕಿತ್ತು. ನಾನು ದೀಪ ಹಚ್ಚುತ್ತಿದ್ದೆ. ಇವರು ಅಡುಗೆಮನೆಯಲ್ಲಿ ತುಪ್ಪ ಕಾಯಿಸಿ ಅಚ್ಚಿನ ಒಂದು ಮೂಲೆ ಮುರಿದು ಬಾಣಲೆಗೆ ಹಾಕಿದರು.

ಆ ವಾಸನೆಯನ್ನು ವರ್ಣಿಸಲು ನನಗೆ ಭಾಷೆ ಸಾಲದು. ಸಮುದ್ರವೇ ಎದ್ದು ಬಂದು ನಮ್ಮ ಹಾಲಿನಲ್ಲಿ ಕೂತ ಹಾಗಾಯಿತು. ಫೈರ್ ಅಲಾರಂ ಕೂಗಿತು. ಮಗಳಿಗೆ ವಿಡಿಯೋ ಕಾಲ್ ಮಾಡಿ ಅಚ್ಚನ್ನು ತೋರಿಸಿದರೆ ಅವಳು ನಗಲಾರದೆ ನಗುತ್ತ, "ಅಪ್ಪಾ! ಅದು ಬೆಲಚಾನ್! ಸಿಗಡಿ ಕುಟ್ಟಿ ಒಣಗಿಸಿ ಮಾಡೋದು!" ಅಂದಳು.

ಬಾಣಲೆ ಹೊರಗೆ ಹೋಯಿತು. ಕಿಟಕಿ ಬಾಗಿಲೆಲ್ಲ ತೆಗೆದೆ, ಅರಿಸಿನದ ನೀರು ಚಿಮುಕಿಸಿದೆ, ಸಾಂಬ್ರಾಣಿ ಹಾಕಿದೆ. ಅಮ್ಮಾ, ತಿಳಿಯದೆ ಆದದ್ದು, ಕ್ಷಮಿಸು ಅಂತ ಕೂತು ಸಹಸ್ರನಾಮ ಶುರು ಮಾಡಿದೆ. ಅರ್ಧದಲ್ಲಿ ಏನೋ ಸದ್ದಾಯಿತು ಅಂತ ತಿರುಗಿ ನೋಡಿದರೆ, ತೆರೆದ ಬಾಗಿಲ ಹೊಸಿಲಾಚೆ ನಮ್ಮ ಬೀದಿಯ ಬೆಕ್ಕುಗಳೆಲ್ಲ ಸಾಲಾಗಿ, ಬಾಲ ಮಡಚಿ, ತದೇಕಚಿತ್ತದಿಂದ ಕೂತಿವೆ.

ನಮ್ಮೆಜಮಾನರು ಮೆಲ್ಲಗೆ ಅಂದರು: "ನೋಡು, ನಿನ್ನ ಪಾರಾಯಣಕ್ಕೆ ಇಷ್ಟು ಜನ ಯಾವತ್ತೂ ಸೇರಿರಲಿಲ್ಲ."

ನಂಜು

ಓಕ್ಲೆಂಡಿನಲ್ಲಿ ಒಬ್ಬ ನ್ಯೋನ್ಯಾ ಹೆಂಗಸು ಯಾರದೋ ಕೆಫೆಯನ್ನು ಬಾಡಿಗೆಗೆ ಪಡೆದು ತಿಂಗಳಿಗೊಂದು ಭಾನುವಾರ ಅಡುಗೆ ಮಾಡಿ ಬಡಿಸುತ್ತಾರೆ ಅಂತ ಗೊತ್ತಾಯಿತು. ಮಗಳಿಗೆ ಅವತ್ತು ಬೇರೆ ಕೆಲಸವಿತ್ತು, ನಾವಿಬ್ಬರೇ ಹೋದೆವು. ನಮ್ಮ ಕಷ್ಟ ಹೇಳಿಕೊಂಡೆ. ಮದುವೆ ವಿಷಯ ಕೇಳಿ ಆಕೆ ಸೌಟು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು, ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ತಿರುಗಿ ಬಂದರು.

"ನಮ್ಮವರ ರುಚಿ ತಿಳಿಯಬೇಕು ಅಂದರೆ ಇದೊಂದು ತಿನ್ನಿ ಸಾಕು. ಮಾಂಸದ ಜೊತೆ ಬೇಯಿಸುವ ಮುಂಚೆಯೇ ನಿಮಗಂತ ತೆಗೆದು ಉಪ್ಪು ಹಾಕಿ ಅರೆದಿದ್ದೇನೆ" ಅಂತ ಒಂದು ಪುಟ್ಟ ತಟ್ಟೆಯಲ್ಲಿ ಕಾಡಿಗೆಯಷ್ಟು ಕಪ್ಪಗಿನ ಏನನ್ನೋ ತಂದಿಟ್ಟರು. ಬುವಾ ಕೆಲುವಾಕ್ ಅನ್ನುವ ಕಾಯಿಯ ತಿರುಳು.

ನಮ್ಮೆಜಮಾನರು ಬೆಲ್ಲದ ಪ್ರಸಂಗದ ಮಾನ ಉಳಿಸಿಕೊಳ್ಳಲು ಮೊದಲೇ ಬಾಯಿಗಿಟ್ಟರು. ಕಣ್ಣು ಅರಳಿತು. "ಹುರಿದ ಎಳ್ಳು, ಹುಚ್ಚೆಳ್ಳು, ಜೊತೆಗೆ ಮಳೆ ಬಿದ್ದ ಮಣ್ಣಿನ ವಾಸನೆ ಕಣೇ! ಅದ್ಭುತ!"

ಆಕೆ ಸಂತೋಷದಿಂದ ವಿವರಿಸತೊಡಗಿದರು: "ಇದು ಮರದಲ್ಲಿರುವಾಗ ಬರೀ ವಿಷ. ತಿಂದರೆ ಜೀವ ಹೋಗುತ್ತೆ..."

ಅಷ್ಟೇ ಕೇಳಿಸಿದ್ದು ನಮಗೆ. ಇವರ ಕೈಯಿಂದ ಚಮಚ ಬಿತ್ತು. ನನಗೆ ಬೇರೇನೂ ತೋಚಲಿಲ್ಲ; ಚಿಕ್ಕಂದಿನಿಂದ ಕೇಳಿದ ಕಥೆಯೊಂದೇ ತೋಚಿತು. ಶಿವ ವಿಷ ಕುಡಿದಾಗ ತಾಯಿ ಪಾರ್ವತಿ ಏನು ಮಾಡಿದಳೋ ಅದನ್ನೇ ಮಾಡಿದೆ. "ನಂಜುಂಡಾ!" ಅಂತ ಕೂಗಿ ಎರಡೂ ಕೈಯಿಂದ ಇವರ ಕತ್ತು ಹಿಡಿದೆ, ಕೆಳಗಿಳಿಯದಿರಲಿ ಅಂತ.

ಪಕ್ಕದ ಮೇಜಿನಲ್ಲಿದ್ದ ಒಬ್ಬ ಧಡೂತಿ ಅಮೆರಿಕನ್, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂದುಕೊಂಡು, "ಐ ಗಾಟ್ ಹಿಮ್!" ಅಂತ ಓಡಿಬಂದು ಹಿಂದಿನಿಂದ ಹೊಟ್ಟೆ ಸುತ್ತ ಕೈ ಹಾಕಿ ನಮ್ಮವರನ್ನು ನೆಲದಿಂದ ಎತ್ತಿಯೇ ಬಿಟ್ಟ. ಮೇಲೆ ನಾನು, ಮಧ್ಯೆ ಅವನು, ಕೆಳಗೆ ಗಾಳಿಯಲ್ಲಿ ಇವರ ಕಾಲು.

ಆಕೆ ಕೂಗಿ ಕೂಗಿ ಉಳಿದರ್ಧ ಹೇಳಿದರು. ಆ ಕಾಯಿಯನ್ನು ಬೇಯಿಸಿ, ಬೂದಿಯಲ್ಲಿ ವಾರಗಟ್ಟಲೆ ಹೂತು, ಮತ್ತೆ ದಿನಗಟ್ಟಲೆ ನೀರು ಬದಲಿಸಿ ನೆನೆಸಿ, ವಿಷವೆಲ್ಲ ಹೋದ ಮೇಲೇ ಅಡುಗೆಗೆ ತರುತ್ತಾರಂತೆ. ನಾನು ಕುರ್ಚಿಯಲ್ಲಿ ಕುಸಿದು ಆ ಕಪ್ಪು ತಿರುಳಿಗೆ ಕೈಮುಗಿದೆ. ಕಾಡಿನ ವಿಷದ ಕಾಯಿಯನ್ನು ಬಿಸಾಡದೆ, ಬೂದಿಯಲ್ಲಿ ಇಟ್ಟು, ತಾಳ್ಮೆಯಿಂದ ಕಾದು, ಅಮೃತ ಮಾಡಿ ಮಕ್ಕಳಿಗೆ ಬಡಿಸಿದ ಅಜ್ಜಿಯರು! ನಾನು ತಿಂಗಳುಗಟ್ಟಲೆ ಕೇಳಿದ ಪ್ರವಚನದಲ್ಲಿ ಇಲ್ಲದ್ದು ಆ ಪುಟ್ಟ ತಟ್ಟೆಯಲ್ಲಿತ್ತು. ಈ ಜನರ ಮನೆಗೆ ನನ್ನ ಮಗಳು ಹೋದರೆ ಚೆನ್ನಾಗಿರುತ್ತಾಳೆ ಅಂತ ಅವತ್ತೇ ನನಗೆ ಖಾತ್ರಿಯಾಯಿತು.

ಕಾರಿನಲ್ಲಿ ನಮ್ಮೆಜಮಾನರು ಕತ್ತು ನೀವಿಕೊಳ್ಳುತ್ತ ಕನ್ನಡಿಯಲ್ಲಿ ನನ್ನ ಬೆರಳಿನ ಗುರುತು ನೋಡಿಕೊಂಡರು. ಆಮೇಲೆ ಅಂದರು: "ಶಿವನೇ ಪುಣ್ಯವಂತ ಕಣೇ. ಅವನನ್ನು ಹೆಂಡತಿ ಒಬ್ಬಳೇ ಹಿಡಿದಳು."

ಯಾವ ಹುಣ್ಣಿಮೆ

ಇಷ್ಟರಲ್ಲಿ ಮಗಳು ಹುಡುಗನ ತಾಯಿಯ ಬಗ್ಗೆ ಒಂದು ಸುದ್ದಿ ತಂದಳು. "ಅಮ್ಮಾ, ಗೆಸ್ ವಾಟ್. ಆಂಟಿ ಹುಣ್ಣಿಮೆ ಅಮಾವಾಸ್ಯೆಗೆ ವೆಜಿಟೇರಿಯನ್ ಅಂತೆ. ನೋ ಆನಿಯನ್, ನೋ ಗಾರ್ಲಿಕ್ ಆಲ್ಸೋ. ಅವರಮ್ಮನ ಕಾಲದಿಂದ ವ್ರತ."

ನಾನು ದೇವರ ಮನೆಗೆ ಹೋಗಿ ನಿಂತೆ. ಸಮುದ್ರದಾಚೆ ಯಾವುದೋ ತಾಯಿ ತನ್ನ ಮಗಳಿಗೆ ಹೇಳಿಕೊಟ್ಟ ವ್ರತ, ಇವತ್ತು ನನ್ನ ಮಗಳ ಮದುವೆಗೆ ದಾರಿ ಮಾಡುತ್ತಿದೆ! ಊಟವನ್ನು ಹುಣ್ಣಿಮೆಗೇ ಇಟ್ಟುಕೊಳ್ಳೋಣ ಅಂತ ಎರಡೂ ಕಡೆ ಮಾತಾಯಿತು.

ತೊಡಕು ಅಲ್ಲೇ ಬಂತು. ದೇವಸ್ಥಾನದವರು ಕೊಟ್ಟ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಶನಿವಾರ. ಅವರ ಅಡುಗೆಮನೆಯಲ್ಲಿ ತೂಗುಹಾಕಿದ್ದ ಸಿಂಗಾಪುರದ ಕ್ಯಾಲೆಂಡರಿನಲ್ಲಿ ಭಾನುವಾರ. ಆಕೆಯದ್ದು ಹಿರಿಯರ ಲೆಕ್ಕ, ಬದಲಾಯಿಸುವಂತಿಲ್ಲ. ನನ್ನದೂ ಹಿರಿಯರದ್ದೇ. ನಡುವೆ ನಮ್ಮೆಜಮಾನರು, ಟೈಮ್ ಜೋನ್ ಕಳೆದು ಕೂಡಿ, ಶನಿವಾರವೂ ಅಲ್ಲ ಭಾನುವಾರವೂ ಅಲ್ಲ ಅಂತ ಸಾಧಿಸಲು ಹೊರಟಿದ್ದರು.

ಕೊನೆಗೆ ನಮ್ಮ ಅರ್ಚಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, "ಯಾವ ಹುಣ್ಣಿಮೆ ಹಿಡಿಯೋಣ ಸ್ವಾಮಿ?" ಅಂತ ಕೇಳಿದೆ. ಅವರು ಸ್ವಲ್ಪವೂ ತಡಮಾಡಲಿಲ್ಲ.

"ಊಟ ಹಾಕೋರು ಯಾವ ದಿನ ಹೇಳ್ತಾರೋ, ಅವತ್ತೇ ಹುಣ್ಣಿಮೆ ಕಣಮ್ಮಾ."

ಒಂದೇ

ಭಾನುವಾರ ವಾಲ್ನಟ್ ಕ್ರೀಕಿಗೆ ಹೊರಟಾಗ ಮಗಳು ದಾರಿಯುದ್ದಕ್ಕೂ ಎಚ್ಚರಿಸಿದಳು: "ಆಂಟಿ ನಿಮ್ಮ ಮುಖ ನೋಡಲ್ಲ, ತಟ್ಟೆ ನೋಡ್ತಾರೆ. ಬಡಿಸಿದಾಗ ಬೇಡ ಅಂದ್ರೆ ಹರ್ಟ್ ಆಗ್ತಾರೆ. ಪ್ಲೀಸ್, ಚೆನ್ನಾಗಿ ತಿನ್ನಿ."

ಬಾಗಿಲು ತೆರೆದವರನ್ನು ನೋಡಿ ನನ್ನ ಕೈ ತಾನಾಗಿ ಮುಗಿಯಿತು. ಕಸೂತಿಯ ರವಿಕೆ, ಅದಕ್ಕೆ ಗುಂಡಿಯ ಬದಲು ಸರಪಳಿಯಲ್ಲಿ ಪೋಣಿಸಿದ ಚಿನ್ನದ ಪಿನ್ನುಗಳು, ಕಾಲಲ್ಲಿ ತಾವೇ ಹೊಲಿದ ಮಣಿ ಚಪ್ಪಲಿ. "ಬನ್ನಿ ಲಾ, ಕೂತ್ಕೊಳ್ಳಿ ಲಾ" ಅಂತ ಇಂಗ್ಲಿಷಿನ ಪ್ರತಿ ಮಾತಿಗೂ ಒಂದು "ಲಾ" ಸೇರಿಸಿ ಕರೆದರು. ನಮ್ಮ ಮೈಸೂರಿನ ಕಡೆಯ ಗಂಡಸರು ಸ್ನೇಹಿತರನ್ನು "ಲಾ" ಅನ್ನುತ್ತಾರಲ್ಲ, ನಮ್ಮೆಜಮಾನರಿಗೆ ಆಗಲೇ ಅರ್ಧ ಸಂಕೋಚ ಹೋಯಿತು.

ಊಟದ ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಅನ್ನ ನೀಲಿ! ಬಾಲ್ಕನಿಯ ಬಳ್ಳಿಯ ಶಂಖಪುಷ್ಪ ಹಿಂಡಿ ಬಣ್ಣ ಕಟ್ಟಿದ್ದಾರೆ. ನಾನು ದಿನಾ ಶಿವನಿಗೆ ಏರಿಸುವ ಹೂವು! ಎಲೆಕೋಸು, ಅಣಬೆ, ಗಾಜಿನಂಥ ಶ್ಯಾವಿಗೆ ಹಾಕಿ ಬೇಯಿಸಿದ ಪಲ್ಯ, ಕಡಲೆಕಾಯಿ ಉದುರಿಸಿದ ಹುಳಿ ಸಿಹಿ ಉಪ್ಪಿನಕಾಯಿ. ಎಲ್ಲಕ್ಕೂ ಹುಣಿಸೆ ಹಣ್ಣು, ಎಲ್ಲಕ್ಕೂ ತೆಂಗು, ಯಾವುದಕ್ಕೂ ಈರುಳ್ಳಿ ಇಲ್ಲ. ಆ ತಾಯಿ ಬೆಳಗಿನ ಜಾವಕ್ಕೇ ಎದ್ದು ಮಸಾಲೆಯನ್ನು ಕಲ್ಲಿನಲ್ಲಿ ಕುಟ್ಟಿದ್ದರಂತೆ. ನಾನು ಎರಡು ಸಲ ಹಾಕಿಸಿಕೊಂಡೆ. ನನ್ನ ತಟ್ಟೆ ನೋಡಿ ಅವರ ಮುಖ ಬೆಳಗಿತು. ಮಗಳು ನೆಮ್ಮದಿಯಿಂದ, ಹುಡುಗನ ಜೊತೆ ಚಹಾ ಮಾಡಲು ಒಳಗೆ ಹೋದಳು.

ಅದೇ ಸಮಯಕ್ಕೆ ಆಕೆ ಒಂದು ತಟ್ಟೆ ತಂದು ನಮ್ಮ ಮುಂದಿಟ್ಟರು. ಪಚ್ಚೆ ಹಸಿರಿನ ಗುಂಡಗಿನ ಉಂಡೆಗಳು, ಮೈಗೆಲ್ಲ ತೆಂಗಿನ ತುರಿ. ಸೊಂಟಕ್ಕೆ ಕೈಯಿಟ್ಟು, ನಮ್ಮನ್ನೇ ನೋಡುತ್ತ, ಸ್ಪಷ್ಟವಾಗಿ ಅಂದರು:

"ಒಂದೇ ಒಂದೇ!"

ನಾವು ಮುಖ ಮುಖ ನೋಡಿಕೊಂಡೆವು.

"ಕನ್ನಡ!" ಅಂದೆ.

"ಮಗಳು ಹೇಳಿಕೊಟ್ಟಿದ್ದಾಳೆ" ಅಂದರು ಇವರು. "ಒಂದೊಂದೇ ತಗೋಬೇಕಂತೆ. ಜಾಸ್ತಿ ಮಾಡಿಲ್ಲ ಅಂತ ಕಾಣುತ್ತೆ."

ಒಂದೊಂದೇ ತೆಗೆದುಕೊಂಡೆವು. ನಾನು ಇಡೀ ಬಾಯಿಗೆ ಹಾಕಿಕೊಂಡೆ. ಇವರು ಅರ್ಧ ಕಚ್ಚಿದರು. ಒಳಗಿದ್ದ ಕರಗಿದ ಬೆಲ್ಲ ಚಿಮ್ಮಿ ಕನ್ನಡಕಕ್ಕೆ ಹಾರಿತು. ಈ ಸಲ ನಿಜವಾದ ಬೆಲ್ಲ! ಕಡುಬಿನ ಹೂರಣ ನೀರಾಗಿ, ಪರಿಮಳವಾಗಿ, ನಾಲಿಗೆಯ ಮೇಲೆ ಒಡೆದ ಹಾಗೆ. ನನ್ನ ಕೈ ಮತ್ತೆ ತಟ್ಟೆಯ ಕಡೆ ಹೋಯಿತು.

"ಒಂದೇ ಒಂದೇ!" ಅಂದರು ಆಕೆ, ತಟ್ಟೆ ತೋರಿಸಿ.

"ಕೈ ತೆಗಿಯೇ" ಅಂದರು ಇವರು, ಕನ್ನಡಕ ಒರೆಸುತ್ತ. "ಅಷ್ಟು ಬಿಡಿಸಿ ಹೇಳ್ತಿದ್ದಾರೆ."

ಕೈ ಹಿಂದೆಗೆದೆ. ಆಗ ನನಗೆ ತಟ್ಟನೆ ಹೊಳೆಯಿತು. ಇಂಥ ಧಾರಾಳದ ಕೈ, ಸಿಹಿಗೆ ಜಿಪುಣತನ ಮಾಡುತ್ತದೆಯೇ? ಆಕೆ ಹೇಳುತ್ತಿರುವುದು ತಿಂಡಿಯ ಲೆಕ್ಕವಲ್ಲ, ತತ್ವ! ನಿಮ್ಮ ದೇವರು, ನಮ್ಮ ದೇವರು ಒಂದೇ; ನಿಮ್ಮ ಮಗು, ನಮ್ಮ ಮಗು ಒಂದೇ. ಇದನ್ನು ನನಗೆ ನನ್ನ ಭಾಷೆಯಲ್ಲೇ ಹೇಳಲು ಕಲಿತಿದ್ದಾರೆ! ನನಗೆ ಕಣ್ಣು ತುಂಬಿ ಬಂತು. ಒಂದು ಬೆರಳೆತ್ತಿ, "ಹೌದು ತಾಯಿ, ಒಂದೇ!" ಅಂದೆ.

ಆಕೆ ನನ್ನ ಬೆರಳು ನೋಡಿದರು. ಮುಖ ಸ್ವಲ್ಪ ಇಳಿಯಿತು. ತಟ್ಟೆಯನ್ನು ಇನ್ನೂ ಹತ್ತಿರ ತಳ್ಳಿ, "ಒಂದೇ ಒಂದೇ!" ಅಂದರು, ಬೇಡುವ ಹಾಗೆ.

"ಒಂದೇ! ಒಂದೇ!" ಅಂದೆ, ಈಗ ಬೆರಳನ್ನು ಆಕಾಶಕ್ಕೆ ತೋರಿಸಿ. ಆಕೆ ಗಾಬರಿಯಿಂದ ಸೂರು ನೋಡಿದರು, ಮೇಲಿನ ಮನೆಯಿಂದ ನೀರು ಸೋರುತ್ತಿದೆಯೇನೋ ಅಂತ. ಏನೂ ಕಾಣದೆ ಮತ್ತೆ ನನ್ನ ಬೆರಳು ನೋಡಿದರು, ಮುಟ್ಟದೆ ಉಳಿದ ಉಂಡೆಗಳನ್ನು ನೋಡಿದರು. ಕಣ್ಣಂಚು ಒದ್ದೆಯಾಯಿತು. ತಟ್ಟೆ ಎತ್ತಿಕೊಂಡು ಮಕ್ಕಳಿದ್ದ ಅಡುಗೆಮನೆಗೆ ಹೋದರು.

ಚಹಾ ಹಿಡಿದು ಬಂದ ಮಗಳು ಬಾಗಿಲಲ್ಲೇ ನಿಂತಳು. ಮುಖ ಬಿಳಿಚಿತ್ತು. "ಅಮ್ಮಾ, ಏನ್ ಮಾಡಿದೆ? ನಿಂಗೆ ಇಷ್ಟ ಆಗ್ಲಿಲ್ಲ ಅಂತಿದ್ದಾರೆ ಆಂಟಿ. ನಮ್ಮ ಮನೇಲಿ ಒಂದಕ್ಕೇ ನಿಲ್ಲಿಸಿದವರು ಯಾರೂ ಇಲ್ಲ ಅಂತಿದ್ದಾರೆ!"

"ಅವರೇ ಕನ್ನಡದಲ್ಲಿ ಒಂದೇ ಒಂದೇ ಅಂದ್ರಲ್ಲೇ!"

ಮಗಳು ಚಹಾದ ತಟ್ಟೆ ಕೆಳಗಿಟ್ಟು ನೆಲದ ಮೇಲೆ ಕೂತೇ ಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಅದು ಆ ಸ್ವೀಟ್ ಹೆಸರು ಅಮ್ಮಾ! ಒಂದೇ-ಒಂದೇ! ದಟ್ಸ್ ಇಟ್ಸ್ ನೇಮ್!"

ಆಮೇಲೆ ಆಕೆಯನ್ನೂ ಕರೆದು ವಿವರಿಸಿದಳು, ನಮ್ಮ ಭಾಷೆಯಲ್ಲಿ ಅದರ ಅರ್ಥವೇನು ಅಂತ. ಆಕೆ ಒಂದು ಗಳಿಗೆ ಕಣ್ಣು ಮಿಟುಕಿಸಿದರು. ಆಮೇಲೆ ಎದೆಯ ಪಿನ್ನುಗಳು ಕುಣಿಯುವಷ್ಟು ನಕ್ಕರು, ನನ್ನ ಹೆಗಲಿಗೆ ಆತು ನಕ್ಕರು. ತಟ್ಟೆ ವಾಪಸು ಬಂತು. ಒಂದೇ ಅಂದಿದ್ದಕ್ಕೆ ಶಿಕ್ಷೆ ಅಂತ ತಾವೇ ಒಂದೊಂದಾಗಿ ನಮ್ಮಿಬ್ಬರ ಬಾಯಿಗೆ ಇಡತೊಡಗಿದರು. ನಾನು ಕೈಮುಗಿದು ತಪ್ಪಿಸಿಕೊಂಡೆ. ನಮ್ಮೆಜಮಾನರಿಗೆ ದಾರಿಯೇ ಇರಲಿಲ್ಲ. ಮಗಳು ಎದುರಿಗೆ ಕೂತು ಕಣ್ಣಲ್ಲೇ ಹೆದರಿಸುತ್ತಿದ್ದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಇವರ ಕೆನ್ನೆ ಎರಡೂ ಉಬ್ಬಿ, ಬಾಯಿಯೂ ತೆರೆಯಲಾಗದೆ, ಎರಡು ಕೈ ಎತ್ತಿ ಅಂಗಲಾಚಿದರು:

"ಸಾಕು! ಸಾಕು!"

ಆಕೆ ಸ್ತಬ್ಧರಾದರು. ಕಣ್ಣು ಇಷ್ಟಗಲ ಆಯಿತು. "ಸಾಗು?" ಅಂದರು. "ಇವರಿಗೆ ಸಾಗು ಗೊತ್ತೇ?" ಮರುಕ್ಷಣ ಮಣಿ ಚಪ್ಪಲಿಯಲ್ಲಿ ಓಡಿಹೋಗಿ ಫ್ರಿಜ್ ತೆರೆದು ಒಂದು ದೊಡ್ಡ ಬೋಗುಣಿ ಹೊತ್ತು ತಂದರು. ನಮ್ಮ ಪೂರಿಯ ಪಕ್ಕದ ಸಾಗು ಅಲ್ಲ. ಅವರ ಭಾಷೆಯಲ್ಲಿ ಸಬ್ಬಕ್ಕಿಗೆ ಸಾಗು. ಬೆಲ್ಲದ ಪಾಕ, ಕಾಯಿಹಾಲು ಸುರಿದ ತಣ್ಣನೆಯ ಸಬ್ಬಕ್ಕಿ, ರಾತ್ರಿಯ ಊಟಕ್ಕೆ ಅಂತ ಎತ್ತಿಟ್ಟದ್ದು.

"ಸಾಕು!" ಅಂದರು ಇವರು, ಪ್ರಾಣಭಯದಿಂದ.

"ಯೆಸ್, ಸಾಗು! ಸಾಗು!" ಅಂದರು ಆಕೆ, ಆನಂದಬಾಷ್ಪ ಒರೆಸಿಕೊಂಡು ಬಟ್ಟಲು ತುಂಬುತ್ತ. ಆಮೇಲೆ ಮಗನ ಕಡೆ ತಿರುಗಿ ತೀರ್ಪು ಕೊಟ್ಟರು: "ಮದುವೆಯ ದಿನ ನೋಡು ಲಾ. ಹೆಸರು ಹಿಡಿದು ಕೇಳಿ ತಿನ್ನುವ ಬೀಗರು ಈ ದೇಶದಲ್ಲಿ ಇನ್ನೆಲ್ಲಿ ಸಿಗುತ್ತಾರೆ?"

ನಮ್ಮ ಈ ಬೇ ಏರಿಯಾ ಊರುಗಳಲ್ಲಿ ಒಳ್ಳೆಯ ಪೆರನಾಕನ್ ಊಟ ಎಲ್ಲಿ ಸಿಗುತ್ತದೆ ಅಂತ ಈಗ ಯಾರಾದರೂ ಕೇಳಿದರೆ ನಮ್ಮ ಬೀಗಿತ್ತಿಯ ಮನೆ ತೋರಿಸುತ್ತೇನೆ. ಹೋಗುವ ಮುಂಚೆ ಮದುವೆಗೆ ಒಬ್ಬಳು ಮಗಳಿರಬೇಕು, ಅಷ್ಟೇ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಅಡುಗೆಮನೆ ಸದಾ ಬೆಚ್ಚಗಿರಲಿ. ಬಡಿಸುವ ಕೈಗೆ ಬಳೆ ಸದ್ದೂ, ಉಣ್ಣುವ ಹೊಟ್ಟೆಗೆ ಬಲವೂ ಇರಲಿ. ನೀವು ಬೇಡ ಅಂದದ್ದನ್ನು ಬೇಕು ಅಂತ ಕೇಳಿಸಿಕೊಳ್ಳುವಷ್ಟು ಪ್ರೀತಿಯ ನೆಂಟರನ್ನು ಆ ಭಗವಂತ ನಿಮಗೂ ಕೊಡಲಿ.